ಕ್ಷಣದ ವೇಗವನ್ನು ಹುಡುಕಿದ ಭಾಸ್ಕರಾಚಾರ್ಯರು



ರಾಯಚೂರಿನಿಂದ ಮಾನ್ವಿಗೋ ದೇವದುರ್ಗಕ್ಕೋ ನೀವು ಬಸ್ಸಿನಲ್ಲಿ ಹೋಗಿರುತ್ತೀರಿ. ಮುಂದಿನ ಸೀಟು ಸಿಕ್ಕಿದ್ದರೆ ಚಾಲಕರ ಎದುರಿಗಿರುವ ವೇಗಮಾಪಕವನ್ನೂ ನೋಡಿರುತ್ತೀರಿ. ಬಸ್ಸು ನಿಂತಾಗ ಅದರ ಮುಳ್ಳು ಸೊನ್ನೆಯ ಮೇಲಿರುತ್ತದೆ. ಊರು ದಾಟುವವರೆಗೆ 20ರ ಆಸುಪಾಸು. ಹೊಲಗಳ ನಡುವಿನ ನೇರ ರಸ್ತೆಗೆ ಬಂದ ಮೇಲೆ 60. ಎದುರಿಗೆ ಎತ್ತಿನ ಬಂಡಿ ಬಂದರೆ ಮತ್ತೆ ಕೆಳಗೆ. ಬಸ್ಸು 48 ಕಿಲೋಮೀಟರನ್ನು ಒಂದೂವರೆ ಗಂಟೆಯಲ್ಲಿ ಕ್ರಮಿಸಿತು ಎಂದುಕೊಳ್ಳಿ. 48ನ್ನು ಒಂದೂವರೆಯಿಂದ ಭಾಗಿಸಿದರೆ ಗಂಟೆಗೆ 32 ಕಿಲೋಮೀಟರ್. ಇದು ಸರಾಸರಿ ವೇಗ. ಆದರೆ ದಾರಿಯುದ್ದಕ್ಕೂ ಮುಳ್ಳು 32ರ ಮೇಲೆ ನಿಂತಿದ್ದು ಎಷ್ಟು ಹೊತ್ತು? ಬಹುಶಃ ನಾಲ್ಕಾರು ಸೆಕೆಂಡು. ಹಾಗಾದರೆ ಆ ಮುಳ್ಳು ತೋರಿಸುವುದು ಯಾವ ವೇಗ?

ಮಾನ್ವಿ ತಾಲ್ಲೂಕಿನ ಒಂದು ಶಾಲೆಗೆ ನಾನು ವಿಜ್ಞಾನ ಪ್ರಯೋಗಗಳ ಪೆಟ್ಟಿಗೆ ತೆಗೆದುಕೊಂಡು ಹೋಗಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಇದನ್ನೇ ಕೇಳಿದಳು. ಮುಳ್ಳು 60 ತೋರಿಸುವ ಆ ಒಂದು ಕ್ಷಣದಲ್ಲಿ ಬಸ್ಸು ಎಷ್ಟು ದೂರ ಹೋಗುತ್ತದೆ ಎಂಬುದು ಅವಳ ಪ್ರಶ್ನೆ. ಕ್ಷಣವೆಂದರೆ ಸಮಯವೇ ಇಲ್ಲ, ಆದ್ದರಿಂದ ದೂರವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ 60 ಹೇಗೆ ಬರುತ್ತದೆ? ನಾನು ಅವಸರದಲ್ಲಿ, ಅದು ಆ ಹೊತ್ತಿನ ವೇಗ ಎಂದಷ್ಟೇ ಹೇಳಿ ಮುಂದಿನ ಪ್ರಯೋಗಕ್ಕೆ ಹೋದೆ. ಅವಳು ಕುಳಿತಳು. ಆದರೆ ಅವಳಿಗೆ ಸಮಾಧಾನವಾಗಿರಲಿಲ್ಲ. ಸಂಜೆ ರಾಯಚೂರಿಗೆ ಮರಳುವ ಬಸ್ಸಿನಲ್ಲಿ ಕುಳಿತಾಗ ನನಗೂ ಸಮಾಧಾನವಿರಲಿಲ್ಲ.

ಸುಮಾರು 870 ವರ್ಷಗಳ ಹಿಂದೆ ನಮ್ಮ ನಾಡಿನ ಒಬ್ಬ ವಿದ್ವಾಂಸರು ಇದೇ ಪ್ರಶ್ನೆಯನ್ನು ಚಂದ್ರನ ಬಗ್ಗೆ ಕೇಳಿಕೊಂಡಿದ್ದರು. ಅವರೇ ಭಾಸ್ಕರಾಚಾರ್ಯರು. ಆ ಹುಡುಗಿಗೆ ಅಂದು ನಾನು ಕೊಡದ ಉತ್ತರವನ್ನು ಅವರ ಬದುಕಿನ ಕಥೆಯ ಮೂಲಕ ಈಗ ಹೇಳುತ್ತೇನೆ. ನೀವೂ ಓದಿ.

ಹುಟ್ಟು ಮತ್ತು ಮನೆತನ

ಭಾಸ್ಕರಾಚಾರ್ಯರು ಹುಟ್ಟಿದ್ದು ಶಕ ವರ್ಷ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ಇದನ್ನು ಅವರೇ ತಮ್ಮ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಪ್ರಾಚೀನ ವಿದ್ವಾಂಸರಲ್ಲಿ ಹುಟ್ಟಿದ ವರ್ಷವನ್ನು ಹೀಗೆ ಖಚಿತವಾಗಿ ಹೇಳಿದವರು ಬಹಳ ಕಡಿಮೆ. ತಂದೆ ಮಹೇಶ್ವರರು. ಅವರೇ ಮಗನಿಗೆ ಗುರುಗಳೂ ಆಗಿದ್ದರು. ತಲೆಮಾರುಗಳಿಂದ ವಿದ್ಯೆಯೇ ಈ ಮನೆತನದ ಆಸ್ತಿಯಾಗಿತ್ತು.

ಊರಿನ ಹೆಸರನ್ನು ಅವರು ವಿಜ್ಜಡವಿಡ ಎಂದು ಬರೆದಿದ್ದಾರೆ. ಅದು ಸಹ್ಯಾದ್ರಿಯ ನೆರೆಯಲ್ಲಿತ್ತು ಎಂದೂ ಹೇಳಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಕನ್ನಡದ ಅನೇಕ ಪುಸ್ತಕಗಳು ಹೇಳುತ್ತವೆ. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಚಾಳೀಸ್‌ಗಾಂವ್ ಹತ್ತಿರದ ಪಾಟಣ ಪ್ರದೇಶವೆಂದು ಇತರ ವಿದ್ವಾಂಸರು ಹೇಳುತ್ತಾರೆ. ಅವರ ವಂಶದ ಬಗ್ಗೆ ಶಾಸನ ಸಿಕ್ಕಿರುವುದು ಪಾಟಣದಲ್ಲಿ. ಚರ್ಚೆ ಇನ್ನೂ ಮುಗಿದಿಲ್ಲ. ನಮ್ಮ ಊರಿನವರು ಎಂಬ ಅಭಿಮಾನ ಒಳ್ಳೆಯದೇ. ಆದರೆ ವಿಜ್ಞಾನ ಕಲಿಯುವವರು ಎರಡೂ ಕಡೆಯ ಆಧಾರಗಳನ್ನು ತೂಗಿ ನೋಡಬೇಕು.

ಅವರು ಹುಟ್ಟಿದಾಗ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ. ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ನಮ್ಮ ದೋಆಬ್ ಪ್ರದೇಶವೂ ಅವನ ಆಳ್ವಿಕೆಯಲ್ಲಿತ್ತು. ಕಲ್ಯಾಣದ ಬಸವಣ್ಣನವರು ಭಾಸ್ಕರಾಚಾರ್ಯರ ಸಮಕಾಲೀನರು. ಅದೇ ಶತಮಾನದಲ್ಲಿ ರಾಜಾದಿತ್ಯನೆಂಬ ಕವಿ ವ್ಯವಹಾರಗಣಿತವೆಂಬ ಪುಸ್ತಕವನ್ನು ಕನ್ನಡದಲ್ಲೇ ಬರೆದ. ಅದಕ್ಕೂ ಸುಮಾರು 300 ವರ್ಷ ಮೊದಲು, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದ್ದರು. ಆ ದೊರೆಯ ರಾಜಧಾನಿ ಮಾನ್ಯಖೇಟ ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ಹೀಗೆ ಗಣಿತ ನಮ್ಮ ಭಾಗಕ್ಕೆ ಹೊಸದಾಗಿರಲಿಲ್ಲ.

36ನೇ ವಯಸ್ಸಿನ ಸಾಧನೆ

1150ರಲ್ಲಿ, ತಮ್ಮ 36ನೇ ವಯಸ್ಸಿನಲ್ಲಿ, ಭಾಸ್ಕರಾಚಾರ್ಯರು ಸಿದ್ಧಾಂತಶಿರೋಮಣಿಯನ್ನು ಬರೆದು ಮುಗಿಸಿದರು. ಅದರಲ್ಲಿ ನಾಲ್ಕು ಭಾಗಗಳು: ಅಂಕಗಣಿತ ಮತ್ತು ರೇಖಾಗಣಿತದ ಲೀಲಾವತಿ, ಬೀಜಗಣಿತ, ಗ್ರಹಗಳ ಚಲನೆಯ ಗ್ರಹಗಣಿತ, ಭೂಮಿ ಮತ್ತು ಆಕಾಶಗೋಳದ ಗೋಲಾಧ್ಯಾಯ. ಪದ್ಯಗಳಲ್ಲಿ ಬರೆದು ಸುಮ್ಮನಾಗದೆ, ಓದುವವರಿಗೆ ಕಾರಣ ತಿಳಿಯಲೆಂದು ತಾವೇ ವಾಸನಾಭಾಷ್ಯವೆಂಬ ಗದ್ಯ ವಿವರಣೆಯನ್ನೂ ಬರೆದರು.

ಲೀಲಾವತಿಯ ಲೆಕ್ಕಗಳು ಮಕ್ಕಳಿಗೆ ಬಲು ಇಷ್ಟ. ಅಲ್ಲಿ ದುಂಬಿಗಳು ಹಾರುತ್ತವೆ, ಕೋತಿಗಳು ಜಿಗಿಯುತ್ತವೆ, ನವಿಲು ಹಾವನ್ನು ಹಿಡಿಯುತ್ತದೆ. ಒಂದು ಲೆಕ್ಕ ಹೀಗಿದೆ. 32 ಮೊಳ ಎತ್ತರದ ಬಿದಿರು ಗಾಳಿಗೆ ಮುರಿದು ಬಾಗಿತು. ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲಕ್ಕೆ ತಾಗಿತು. ಬಿದಿರು ಎಷ್ಟು ಎತ್ತರದಲ್ಲಿ ಮುರಿಯಿತು? ಉತ್ತರ 12 ಮೊಳ. ಮುರಿದ ತುಂಡು 20 ಮೊಳ. 12ರ ವರ್ಗ 144, 16ರ ವರ್ಗ 256. ಎರಡೂ ಸೇರಿ 400, ಅದು 20ರ ವರ್ಗ. ಲಂಬಕೋನ ತ್ರಿಭುಜದ ಪ್ರಮೇಯ ಇಲ್ಲಿದೆ ನೋಡಿ!

ಲೀಲಾವತಿ ಭಾಸ್ಕರಾಚಾರ್ಯರ ಮಗಳು, ನೀರಿನ ಗಡಿಯಾರದ ಬಟ್ಟಲಿಗೆ ಮುತ್ತು ಬಿದ್ದು ಅವಳ ಮದುವೆಯ ಮುಹೂರ್ತ ತಪ್ಪಿತು, ಅವಳನ್ನು ಸಂತೈಸಲು ಈ ಪುಸ್ತಕ ಬರೆದರು ಎಂಬ ಕಥೆಯನ್ನು ನೀವು ಕೇಳಿರಬಹುದು. ನಾನೂ ಎಷ್ಟೋ ತರಗತಿಗಳಲ್ಲಿ ಅದನ್ನು ನಿಜವೆಂದೇ ಹೇಳಿದ್ದೆ. ಆದರೆ ಭಾಸ್ಕರಾಚಾರ್ಯರ ಗ್ರಂಥದಲ್ಲಿ ಈ ಕಥೆಯಿಲ್ಲ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಲೀಲಾವತಿಯನ್ನು ಪರ್ಷಿಯನ್ ಭಾಷೆಗೆ ಅನುವಾದಿಸಿದಾಗ ಅದರ ಪೀಠಿಕೆಯಲ್ಲಿ ಬಂದ ಕಥೆಯಿದು. ಕಥೆ ಚೆನ್ನಾಗಿದೆ. ಅದನ್ನು ಕಥೆಯೆಂದೇ ಹೇಳಿದರೆ ತಪ್ಪಿಲ್ಲ.

ಗ್ರಹಣದ ಗಳಿಗೆ ತಪ್ಪಬಾರದು

ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ದೇಗುಲಗಳೂ ಶಾಸನಗಳೂ ಇವೆ. ಆ ಕಾಲದ ಶಾಸನಗಳನ್ನು ಓದಿದರೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಗ್ರಹಣ, ಸಂಕ್ರಮಣ, ಅಮಾವಾಸ್ಯೆಗಳಂದು ಭೂಮಿಯನ್ನು ದಾನವಾಗಿ ಬಿಟ್ಟಿದ್ದನ್ನು ಕಲ್ಲಿನಲ್ಲಿ ಬರೆಸುತ್ತಿದ್ದರು. ಆದ್ದರಿಂದ ಗ್ರಹಣ ಯಾವಾಗ ಹಿಡಿಯುತ್ತದೆ, ತಿಥಿ ಯಾವಾಗ ಮುಗಿಯುತ್ತದೆ ಎಂದು ಮೊದಲೇ ಹೇಳುವುದು ಜ್ಯೋತಿಷಿಗಳ ಮುಖ್ಯ ಕೆಲಸವಾಗಿತ್ತು. ಜನ ಕಾಯುತ್ತಿರುವಾಗ ಹೇಳಿದ ಗಳಿಗೆಗೆ ಗ್ರಹಣ ಹಿಡಿಯದಿದ್ದರೆ ಲೆಕ್ಕ ಮಾಡಿದವರ ಗತಿಯೇನು!

ತೊಂದರೆ ಕೊಡುತ್ತಿದ್ದವನು ಚಂದ್ರ. ಅವನು ಸರಾಸರಿ ದಿನಕ್ಕೆ ಸುಮಾರು 13 ಡಿಗ್ರಿ ಚಲಿಸುತ್ತಾನೆ. ಆದರೆ ಒಮ್ಮೆ ನಿಧಾನವಾಗಿ 12 ಡಿಗ್ರಿಯ ಹತ್ತಿರ, ಇನ್ನೊಮ್ಮೆ ಬೇಗ 15 ಡಿಗ್ರಿಯ ಹತ್ತಿರ. ಸೂರ್ಯ ದಿನಕ್ಕೆ ಸುಮಾರು 1 ಡಿಗ್ರಿ ಸರಿದಂತೆ ಕಾಣುತ್ತಾನೆ. ಅಂದರೆ ಚಂದ್ರನು ಸೂರ್ಯನನ್ನು ದಿನಕ್ಕೆ 11 ಡಿಗ್ರಿಯಿಂದ 14 ಡಿಗ್ರಿಯಷ್ಟು ಹಿಂದಿಕ್ಕುತ್ತಾನೆ.

ಈಗ ಒಂದು ಲೆಕ್ಕ. ಅಮಾವಾಸ್ಯೆಗೆ ಮುನ್ನ ಇಬ್ಬರ ನಡುವೆ 1 ಡಿಗ್ರಿ ಅಂತರ ಉಳಿದಿದೆ. ಚಂದ್ರನು ದಿನಕ್ಕೆ 11 ಡಿಗ್ರಿಯಂತೆ ಹತ್ತಿರವಾಗುತ್ತಿದ್ದರೆ ಅವರು ಸೇರಲು 131 ನಿಮಿಷ ಬೇಕು. 14 ಡಿಗ್ರಿಯಂತೆ ಬರುತ್ತಿದ್ದರೆ 103 ನಿಮಿಷ ಸಾಕು. ವ್ಯತ್ಯಾಸ 28 ನಿಮಿಷ. ಒಂದು ಗಳಿಗೆಯೆಂದರೆ 24 ನಿಮಿಷ ತಾನೇ? ವೇಗವನ್ನು ತಪ್ಪಾಗಿ ಹಿಡಿದರೆ ಗಳಿಗೆಯೇ ತಪ್ಪುತ್ತದೆ.

ಹಿಂದಿನವರು ಸಾಮಾನ್ಯವಾಗಿ ಇಂದಿನ ಸ್ಥಾನವನ್ನು ನಾಳಿನ ಸ್ಥಾನದಿಂದ ಕಳೆದು, ಬಂದದ್ದನ್ನು ಆ ದಿನದ ವೇಗವೆನ್ನುತ್ತಿದ್ದರು. ಇದು ಬಸ್ಸಿನ ಸರಾಸರಿ ವೇಗವಿದ್ದಂತೆ. ದೂರದ ಲೆಕ್ಕಕ್ಕೆ ಈ ಸ್ಥೂಲ ವೇಗ ಸಾಕು ಎಂದು ಭಾಸ್ಕರಾಚಾರ್ಯರು ಒಪ್ಪಿದರು. ಆದರೆ ಚಂದ್ರನ ವೇಗ ಕ್ಷಣಕ್ಷಣಕ್ಕೂ ಬದಲಾಗುವುದರಿಂದ, ತಿಥಿಯ ಕೊನೆ ಹತ್ತಿರವಿರುವಾಗ ಆ ಹೊತ್ತಿನ ವೇಗವನ್ನೇ ಬಳಸಬೇಕು ಎಂದರು. ಅದಕ್ಕೆ ಅವರು ಬಳಸಿದ ಹೆಸರು ತಾತ್ಕಾಲಿಕ ಗತಿ. ಇಲ್ಲಿ ತಾತ್ಕಾಲಿಕ ಎಂದರೆ ಆ ಕಾಲದ್ದು, ಆ ಕ್ಷಣದ್ದು ಎಂದರ್ಥ. ಹುಡುಗಿ ಕೇಳಿದ ಮುಳ್ಳಿನ ವೇಗ ಇದೇ!

ಕಾಲವನ್ನು ಎಷ್ಟು ಚಿಕ್ಕದಾಗಿ ಅವರು ಯೋಚಿಸುತ್ತಿದ್ದರು ಗೊತ್ತೆ? ಅವರು ಹೇಳುವ ಕಾಲಮಾನಗಳಲ್ಲಿ ತೀರ ಚಿಕ್ಕದು ತ್ರುಟಿ. ಲೆಕ್ಕ ಹಾಕಿದರೆ ಅದು ಒಂದು ಸೆಕೆಂಡಿನ 33,750ರಲ್ಲಿ ಒಂದು ಭಾಗ. ಅದನ್ನು ಅಳೆಯುವ ಗಡಿಯಾರ ಆಗ ಇರಲಿಲ್ಲ. ಆದರೂ ಮನಸ್ಸಿನಲ್ಲಿ ಅಷ್ಟು ಚಿಕ್ಕ ಕಾಲವನ್ನು ಕಲ್ಪಿಸಿಕೊಳ್ಳಬಹುದಿತ್ತು.

ಜಾತ್ರೆಯ ತೊಟ್ಟಿಲು

ತಾತ್ಕಾಲಿಕ ಗತಿಯನ್ನು ಅವರು ಹೇಗೆ ಕಂಡುಹಿಡಿದರು? ಜಾತ್ರೆಯಲ್ಲಿ ಗಿರಗಿರ ತಿರುಗುವ ದೊಡ್ಡ ತೊಟ್ಟಿಲನ್ನು ನೆನಪಿಸಿಕೊಳ್ಳಿ. ಅದರ ನಡುವಿನ ಅಚ್ಚಿನಿಂದ ನಿಮ್ಮ ಆಸನಕ್ಕೆ 120 ಅಂಗುಲ ಎಂದುಕೊಳ್ಳೋಣ. ನೀವು ಅಚ್ಚಿನ ಮಟ್ಟದಿಂದ ಮೇಲೇರಲು ಶುರು ಮಾಡುತ್ತೀರಿ. ಪ್ರತಿ 10 ಡಿಗ್ರಿ ತಿರುಗಿದಾಗ ನಿಮ್ಮ ಎತ್ತರ ಹೀಗಿರುತ್ತದೆ:

21, 41, 60, 77, 92, 104, 113, 118, 120

ಇವು ಭಾಸ್ಕರಾಚಾರ್ಯರು ಕೊಟ್ಟಿರುವ ಚಿಕ್ಕ ಜ್ಯಾ ಕೋಷ್ಟಕದ ಸಂಖ್ಯೆಗಳೇ. ಜ್ಯಾ ಎಂದರೆ ಬಿಲ್ಲಿನ ಹೆದೆ. ಇದನ್ನೇ ಮುಂದೆ ಪ್ರೌಢಶಾಲೆಯಲ್ಲಿ ನೀವು ಸೈನ್ ಎಂದು ಕಲಿಯುತ್ತೀರಿ. ಈಗ ಒಂದೊಂದು ಸಲ ಎಷ್ಟೆಷ್ಟು ಏರಿದಿರಿ ಎಂದು ಕಳೆದು ನೋಡಿ:

21, 20, 19, 17, 15, 12, 9, 5, 2

ತೊಟ್ಟಿಲು ಒಂದೇ ಸಮನೆ ತಿರುಗುತ್ತಿದ್ದರೂ ಏರಿಕೆ ಒಂದೇ ಸಮನಿಲ್ಲ. ಮೊದಲು 21 ಅಂಗುಲ, ತುದಿಯ ಹತ್ತಿರ ಬರೀ 2. ಸರಿ, ನೀವು ನಿಖರವಾಗಿ 60 ಡಿಗ್ರಿಯಲ್ಲಿರುವಾಗ ಏರಿಕೆಯ ದರ ಎಷ್ಟು? ಹಿಂದಿನ ಹೆಜ್ಜೆ 12, ಮುಂದಿನ ಹೆಜ್ಜೆ 9. ಯಾವುದನ್ನು ಹೇಳುವುದು? ಎರಡರ ನಡುವೆ, ಅಂದರೆ ಹತ್ತೂವರೆ ಎಂದು ನಿಮಗೆ ಅನಿಸುತ್ತದೆ. ಭಾಸ್ಕರಾಚಾರ್ಯರು ಅಂದಾಜಿಗೆ ಬಿಡದೆ ನಿಯಮವನ್ನೇ ಕೊಟ್ಟರು.

ನೀವು ಅಚ್ಚಿನಿಂದ ಅಡ್ಡಲಾಗಿ ಎಷ್ಟು ದೂರದಲ್ಲಿದ್ದೀರಿ ಎಂದು ನೋಡಿ. ಶುರುವಿನಲ್ಲಿ 120 ಅಂಗುಲ. 60 ಡಿಗ್ರಿ ತಿರುಗಿದಾಗ 60 ಅಂಗುಲ. ಈ ಅಡ್ಡ ದೂರಕ್ಕೆ ಕೋಟಿಜ್ಯಾ ಎಂದು ಹೆಸರು. ಈಗ ನೀವು ಕಲಿತಿರುವ ತ್ರೈರಾಶಿ ಹಾಕಿ. ಅಡ್ಡ ದೂರ 120 ಇದ್ದಾಗ ಏರಿಕೆ 21. ಅಡ್ಡ ದೂರ 60 ಇದ್ದರೆ ಏರಿಕೆ ಎಷ್ಟು? ಹತ್ತೂವರೆ! ಭಾಸ್ಕರಾಚಾರ್ಯರ ವಿಧಾನ ಇದೇ. ಅವರು ತ್ರಿಜ್ಯ 3438 ಇರುವ ದೊಡ್ಡ ಕೋಷ್ಟಕವನ್ನು ಬಳಸಿದರು, ಅದರಲ್ಲಿ ಮೊದಲ ಏರಿಕೆ 225. ಜ್ಯಾ ಬದಲಾಗುವ ದರ ಆ ಕ್ಷಣದ ಕೋಟಿಜ್ಯಾಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಅವರು ಕಂಡ ನಿಯಮ. ಅವರಿಗಿಂತ ಮೊದಲು ಮುಂಜಾಲನೆಂಬ ಖಗೋಳಜ್ಞ 10ನೇ ಶತಮಾನದಲ್ಲಿ ಇದನ್ನು ಬಳಸಿದ್ದ. ಏಕೆ ಹಾಗೆ, ಯಾವಾಗ ಬಳಸಬೇಕು ಎಂದು ವಿವರಿಸಿದವರು ಭಾಸ್ಕರಾಚಾರ್ಯರು.

ತೊಟ್ಟಿಲು ತುತ್ತತುದಿಗೆ ಬಂದಾಗ ಅಡ್ಡ ದೂರ ಸೊನ್ನೆ. ಆದ್ದರಿಂದ ಏರಿಕೆಯ ದರವೂ ಸೊನ್ನೆ. ಇದಕ್ಕಿಂತ ಮೇಲೆ ಹೋಗುವಂತಿಲ್ಲ, ಇಳಿಯುವುದು ಇನ್ನೂ ಶುರುವಾಗಿಲ್ಲ. ಯಾವುದೇ ಅಳತೆ ಗರಿಷ್ಠವಾಗುವ ಕಡೆ ಅದರ ಬದಲಾವಣೆಯ ದರ ಸೊನ್ನೆಯಾಗುತ್ತದೆ. ಇದನ್ನೂ ಅವರು ಗ್ರಹಗಳ ಲೆಕ್ಕದಲ್ಲಿ ಬಳಸಿದರು. ಗ್ರಹದ ಸ್ಥಾನಕ್ಕೆ ಮಾಡುವ ತಿದ್ದುಪಡಿ ಅತಿ ಹೆಚ್ಚಾಗಿರುವ ಕಡೆ ತಿದ್ದುಪಡಿಯ ಬದಲಾವಣೆ ಸೊನ್ನೆ, ಅಲ್ಲಿ ಗ್ರಹದ ನಿಜವಾದ ವೇಗವೂ ಸರಾಸರಿ ವೇಗವೂ ಒಂದೇ ಎಂದು ತೋರಿಸಿದರು. ಈ ವಿಷಯದಲ್ಲಿ ಹಿಂದಿನ ಖಗೋಳಜ್ಞ ಲಲ್ಲನ ತಪ್ಪನ್ನು ತಿದ್ದಿದರು. ಹಿರಿಯರೆಂಬ ಗೌರವವಿದ್ದರೂ ತಪ್ಪನ್ನು ತಪ್ಪೆಂದು ಹೇಳಲು ಅವರು ಹಿಂಜರಿಯಲಿಲ್ಲ.

ಚಿಕ್ಕದಾಗಿ ನೋಡಿದರೆ ಬಾಗಿದ್ದೂ ನೇರ

ನಮ್ಮ ರಾಯಚೂರಿನ ಬಯಲಿನಲ್ಲಿ ನಿಂತರೆ ಭೂಮಿ ಚಪ್ಪಟೆಯಾಗಿಯೇ ಕಾಣುತ್ತದೆ. ಭೂಮಿ ಗೋಳವಾಗಿದ್ದರೆ ಹೀಗೇಕೆ? ಗೋಲಾಧ್ಯಾಯದಲ್ಲಿ ಭಾಸ್ಕರಾಚಾರ್ಯರು ಕೊಡುವ ಉತ್ತರ ಬಹಳ ಸರಳ. ವೃತ್ತದ ಪರಿಧಿಯ ನೂರನೇ ಒಂದು ಭಾಗವನ್ನು ಮಾತ್ರ ನೋಡಿದರೆ ಅದು ನೇರವಾಗಿ ಕಾಣುತ್ತದೆ. ಭೂಮಿ ದೊಡ್ಡದು, ಮನುಷ್ಯ ಚಿಕ್ಕವನು, ಅವನಿಗೆ ಕಾಣುವುದು ಚಿಕ್ಕ ತುಣುಕು ಮಾತ್ರ.

ಕ್ಷಣದ ವೇಗದ ಗುಟ್ಟೂ ಇದರಲ್ಲೇ ಇದೆ. ಬಾಗಿದ ರೇಖೆಯನ್ನು ಸಣ್ಣ ಸಣ್ಣ ತುಣುಕುಗಳಾಗಿ ನೋಡಿದರೆ ಪ್ರತಿ ತುಣುಕೂ ಹೆಚ್ಚುಕಡಿಮೆ ನೇರ. ಬದಲಾಗುವ ವೇಗವನ್ನು ಬಹಳ ಚಿಕ್ಕ ಕಾಲದಲ್ಲಿ ನೋಡಿದರೆ ಅದು ಹೆಚ್ಚುಕಡಿಮೆ ಒಂದೇ.

ಗೋಳದ ಮೇಲ್ಮೈ ವಿಸ್ತೀರ್ಣವನ್ನೂ ಅವರು ಹೀಗೆಯೇ ಕಂಡುಹಿಡಿದರು. ನೆಲ್ಲಿಕಾಯಿಯ ಮೇಲೆ ಮೇಲಿನಿಂದ ಕೆಳಕ್ಕೆ ಗೆರೆಗಳಿರುತ್ತವಲ್ಲ, ಹಾಗೆ ಗೋಳವನ್ನು ಪಟ್ಟಿಗಳಾಗಿ ಭಾಗಿಸಿ, ಒಂದು ಪಟ್ಟಿಯ ತುಣುಕುಗಳನ್ನು ಕೂಡಿಸಿದರು. ಉತ್ತರ: ಪರಿಧಿಯನ್ನು ವ್ಯಾಸದಿಂದ ಗುಣಿಸಿದಷ್ಟು. ಇದು ಇಂದಿಗೂ ಸರಿಯಾದ ಸೂತ್ರ.

ಸೊನ್ನೆಯ ಒಗಟು

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ನಿಂತ ಬಸ್ಸು ಹೊರಟಿತು. ಅದು ಹೋದ ದೂರ ಸೆಕೆಂಡುಗಳ ವರ್ಗದಷ್ಟು ಮೀಟರ್ ಎಂದುಕೊಳ್ಳಿ. 5 ಸೆಕೆಂಡಿನಲ್ಲಿ 25 ಮೀಟರ್, 6 ಸೆಕೆಂಡಿನಲ್ಲಿ 36 ಮೀಟರ್. ಸರಿಯಾಗಿ 5ನೇ ಸೆಕೆಂಡಿನಲ್ಲಿ ಅದರ ವೇಗವೆಷ್ಟು?

5ರಿಂದ 6ರವರೆಗೆ ನೋಡಿದರೆ ಸೆಕೆಂಡಿಗೆ 11 ಮೀಟರ್.
5ರಿಂದ 5.1ರವರೆಗೆ: 1.01 ಮೀಟರ್ ದೂರ, 0.1 ಸೆಕೆಂಡು. ವೇಗ 10.1.
5ರಿಂದ 5.01ರವರೆಗೆ: 0.1001 ಮೀಟರ್ ದೂರ, 0.01 ಸೆಕೆಂಡು. ವೇಗ 10.01.
5ರಿಂದ 5.001ರವರೆಗೆ: ವೇಗ 10.001.

ಕಾಲ ಚಿಕ್ಕದಾಗುತ್ತಾ ಹೋದಂತೆ ದೂರವೂ ಚಿಕ್ಕದಾಗುತ್ತದೆ. ಎರಡೂ ಸೊನ್ನೆಯ ಕಡೆಗೆ ಹೋಗುತ್ತವೆ. ಆದರೆ ಅವುಗಳ ಭಾಗಲಬ್ಧ ಸೊನ್ನೆಯ ಕಡೆಗೆ ಹೋಗುವುದಿಲ್ಲ. ಅದು 10ರ ಹತ್ತಿರಕ್ಕೆ ಬಂದು ನೆಲೆಗೊಳ್ಳುತ್ತದೆ. ಆ ನೆಲೆಯನ್ನು ಗಣಿತದಲ್ಲಿ ಮಿತಿ ಎನ್ನುತ್ತೇವೆ. ಕ್ಷಣದ ವೇಗವೆಂದರೆ ಆ ಮಿತಿ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವುದಿಲ್ಲ, ಸೊನ್ನೆಯ ಹತ್ತಿರಕ್ಕೆ ಹೋಗುತ್ತಾ ಭಾಗಲಬ್ಧ ಎಲ್ಲಿಗೆ ಬರುತ್ತಿದೆ ಎಂದು ನೋಡುತ್ತೇವೆ. ಹುಡುಗಿ ಎಬ್ಬಿಸಿದ ಅನುಮಾನ ಸರಿಯಾಗಿಯೇ ಇತ್ತು. ತಪ್ಪು ನನ್ನ ಅರ್ಧ ಉತ್ತರದ್ದು.

ಲೀಲಾವತಿಯಲ್ಲಿ ಇದಕ್ಕೆ ಹತ್ತಿರದ ಒಂದು ಕುತೂಹಲದ ನಿಯಮವಿದೆ. ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಆದರೆ ಲೆಕ್ಕ ಇನ್ನೂ ಮುಂದುವರಿಯುವುದಿದ್ದರೆ ಸೊನ್ನೆಯೆಂದು ಅಳಿಸದೆ ಗುಣಕವಾಗಿಯೇ ಇಟ್ಟುಕೊಳ್ಳಬೇಕು. ಮುಂದೆ ಸೊನ್ನೆಯಿಂದಲೇ ಭಾಗಿಸಬೇಕಾಗಿ ಬಂದರೆ ಸಂಖ್ಯೆ ಮೊದಲಿನಂತೆಯೇ ಉಳಿಯುತ್ತದೆ. ಅವರು ಕೊಟ್ಟ ಲೆಕ್ಕ ಹೀಗಿದೆ: ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರ ಅರ್ಧ ಸೇರಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಬರುತ್ತದೆ. ಆ ಸಂಖ್ಯೆ ಯಾವುದು? ಅವರ ಉತ್ತರ 14.

ಇಂದಿನ ಗಣಿತದಲ್ಲಿ ಹೀಗೆ ಸೊನ್ನೆಯಿಂದ ಭಾಗಿಸುವಂತಿಲ್ಲ. ಆದರೆ ಸೊನ್ನೆಯ ಜಾಗದಲ್ಲಿ 0.001 ಇಟ್ಟು ನೋಡಿ. 14ನ್ನು ಅದರಿಂದ ಗುಣಿಸಿದರೆ 0.014. ಅರ್ಧ ಸೇರಿಸಿದರೆ 0.021. ಮೂರರಿಂದ ಗುಣಿಸಿದರೆ 0.063. ಅದನ್ನು 0.001ರಿಂದ ಭಾಗಿಸಿದರೆ 63! ಇನ್ನೂ ಚಿಕ್ಕ ಸಂಖ್ಯೆ ಇಟ್ಟರೂ 63ೇ ಬರುತ್ತದೆ. ಈ ಲೆಕ್ಕ ಗ್ರಹಗಣಿತದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ ಎಂದು ಭಾಸ್ಕರಾಚಾರ್ಯರು ಹೇಳಿದ್ದಾರೆ. ಮಿತಿ ಎಂಬ ಕಲ್ಪನೆಯ ಬೀಜ ಇಲ್ಲಿದೆ ಎಂದು ಗಣಿತದ ಇತಿಹಾಸಕಾರರು ಹೇಳುವುದು ಇದಕ್ಕಾಗಿಯೇ.

ಮಗ, ಮೊಮ್ಮಗ ಮತ್ತು ಪಾಠಶಾಲೆ

ಬೀಜಗಣಿತದಲ್ಲೂ ಅವರ ಸಾಧನೆ ದೊಡ್ಡದು. ಯಾವ ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಸೇರಿಸಿದರೆ ಮತ್ತೊಂದು ಪೂರ್ಣ ವರ್ಗ ಬರುತ್ತದೆ ಎಂಬ ಪ್ರಶ್ನೆಗೆ ಚಕ್ರವಾಲವೆಂಬ ವಿಧಾನದಿಂದ ಉತ್ತರ ಕೊಟ್ಟರು. ಅತಿ ಚಿಕ್ಕ ಉತ್ತರವೇ 22,61,53,980! ಇದೇ ಪ್ರಶ್ನೆಯನ್ನು ಫ್ರಾನ್ಸಿನ ಫರ್ಮಾ 1657ರಲ್ಲಿ ಯೂರೋಪಿನ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದ.

69ನೇ ವಯಸ್ಸಿನಲ್ಲೂ ಭಾಸ್ಕರಾಚಾರ್ಯರು ಲೆಕ್ಕ ಬಿಡಲಿಲ್ಲ. 1183ನ್ನು ಆರಂಭದ ವರ್ಷವಾಗಿಟ್ಟುಕೊಂಡು, ಪಂಚಾಂಗ ಮಾಡುವವರಿಗೆ ಸುಲಭವಾಗಲೆಂದು ಕರಣಕುತೂಹಲವೆಂಬ ಚಿಕ್ಕ ಕೈಪಿಡಿಯನ್ನು ಬರೆದರು. ಮಗ ಲಕ್ಷ್ಮೀಧರ ಯಾದವ ದೊರೆ ಜೈತ್ರಪಾಲನ ಆಸ್ಥಾನದಲ್ಲಿ ಪಂಡಿತರ ಮುಖ್ಯಸ್ಥನಾದ. ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳನ್ನು ಓದಿಸಲೆಂದೇ ಪಾಟಣದಲ್ಲಿ ಮಠವೊಂದನ್ನು ಸ್ಥಾಪಿಸಿದ. ಅದಕ್ಕೆ 1207ರಲ್ಲಿ ದತ್ತಿ ಬಿಟ್ಟ ಶಾಸನ ಇಂದಿಗೂ ಉಳಿದಿದೆ. ಅಜ್ಜನ ಹೆಸರು ಉಳಿಯಲು ಮೊಮ್ಮಗ ಕಟ್ಟಿದ್ದು ಸ್ಮಾರಕವನ್ನಲ್ಲ, ಪಾಠಶಾಲೆಯನ್ನು. ಎಷ್ಟು ಒಳ್ಳೆಯ ಕೆಲಸ ಅಲ್ಲವೇ?

ಹೊಗಳಿಕೆಗೂ ಅಳತೆ ಇರಲಿ

1858ರಲ್ಲಿ ಕಾಶಿಯ ಬಾಪುದೇವ ಶಾಸ್ತ್ರಿಗಳು, ಕಲನಶಾಸ್ತ್ರದ ಮೂಲತತ್ವ ಭಾಸ್ಕರಾಚಾರ್ಯರಿಗೆ ತಿಳಿದಿತ್ತು ಎಂದು ಲೇಖನ ಬರೆದರು. 1860ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಸ್ಪಾಟಿಸ್‌ವುಡ್, ಹೋಲಿಕೆ ಇದೆ, ಆದರೆ ಪೂರ್ತಿ ಕಲನಶಾಸ್ತ್ರವೆನ್ನಲಾಗದು ಎಂದು ವಾದಿಸಿದರು. ನಾವು ಹೇಗೆ ತಿಳಿಯಬೇಕು? ಆ ಕ್ಷಣದ ದರವೆಂಬ ಕಲ್ಪನೆ, ಜ್ಯಾದ ದರ ಕೋಟಿಜ್ಯಾ ಎಂಬ ನಿಯಮ, ಗರಿಷ್ಠದಲ್ಲಿ ದರ ಸೊನ್ನೆ ಎಂಬ ತಿಳಿವಳಿಕೆ ಅವರಿಗಿತ್ತು. ಎಲ್ಲ ಬಗೆಯ ಲೆಕ್ಕಕ್ಕೂ ಹೊಂದುವ ಸಾಮಾನ್ಯ ಶಾಸ್ತ್ರ ಅವರಲ್ಲಿರಲಿಲ್ಲ. ಅವರ ನಂತರ ಕೇರಳದ ಮಾಧವ ಮತ್ತು ಶಿಷ್ಯಪರಂಪರೆಯವರು 14ನೇ ಶತಮಾನದಿಂದ ಈ ದಾರಿಯಲ್ಲಿ ಬಹುದೂರ ನಡೆದರು. ಸಾಮಾನ್ಯ ಶಾಸ್ತ್ರವನ್ನು ಕಟ್ಟಿದವರು 17ನೇ ಶತಮಾನದ ನ್ಯೂಟನ್ ಮತ್ತು ಲೈಬ್ನಿಟ್ಸ್. ಇಷ್ಟನ್ನು ಹೇಳಿದರೆ ಭಾಸ್ಕರಾಚಾರ್ಯರ ಹಿರಿಮೆ ಕಡಿಮೆಯಾಗುವುದಿಲ್ಲ. ನಿಜವಾದದ್ದೇ ಸಾಕಷ್ಟು ದೊಡ್ಡದಿದೆ.

ಭಾರತವು 1979 ಮತ್ತು 1981ರಲ್ಲಿ ಕಕ್ಷೆಗೆ ಸೇರಿಸಿದ ಎರಡು ಉಪಗ್ರಹಗಳಿಗೆ ಭಾಸ್ಕರ ಎಂದೇ ಹೆಸರಿಟ್ಟಿತು. ಉಪಗ್ರಹದ ವೇಗವನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಿರಬೇಕು. ಹೆಸರು ಸರಿಯಾಗಿಯೇ ಹೊಂದುತ್ತದೆ.

ಮತ್ತೆ ಆ ಶಾಲೆಗೆ ಹೋದಾಗ ಆ ಹುಡುಗಿಯನ್ನು ಹುಡುಕಿದೆ. ಅವಳು ಪ್ರೌಢಶಾಲೆಗೆ ಸೇರಿ ಬೇರೆ ಊರಿಗೆ ಹೋಗಿದ್ದಳು. ಈ ಪುರವಣಿ ಅವಳ ಕೈಗೂ ಸಿಗಲಿ. ನೀವೂ ಬಸ್ಸಿನಲ್ಲಿ ಹೋಗುವಾಗ ಆ ಮುಳ್ಳನ್ನು ನೋಡಿ. ಉತ್ತರ ಅರ್ಧವೆನಿಸಿದರೆ, ಕೊಟ್ಟವರು ಶಿಕ್ಷಕರಾದರೂ ಸರಿ, ಎದ್ದು ನಿಂತು ಮತ್ತೊಮ್ಮೆ ಕೇಳಿ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಸೈಕಲ್, ಬಣ್ಣದ ದಾರದ ತುಂಡು, ಅಳತೆ ಪಟ್ಟಿ.

ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಹಿಂದಿನ ಚಕ್ರದ ಅಂಚಿಗೆ ಬಣ್ಣದ ದಾರ ಕಟ್ಟಿ. ದಾರ ಅಚ್ಚಿನ ಮಟ್ಟದಲ್ಲಿರಲಿ. ಚಕ್ರದಲ್ಲಿ 36 ಕಡ್ಡಿಗಳಿದ್ದರೆ ಒಂದು ಕಡ್ಡಿಯ ಅಂತರ ಸುಮಾರು 10 ಡಿಗ್ರಿ. ಒಂದೊಂದು ಕಡ್ಡಿಯಷ್ಟು ತಿರುಗಿಸುತ್ತಾ ದಾರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬರೆಯಿರಿ. ಒಂಬತ್ತು ಸಲ ಆದ ಮೇಲೆ ಏರಿಕೆಗಳನ್ನು ಕಳೆದು ನೋಡಿ. ಭಾಸ್ಕರಾಚಾರ್ಯರ ಸಾಲಿನಂತೆಯೇ ಕಡಿಮೆಯಾಗುತ್ತಾ ಹೋಗುತ್ತದೆಯೇ?

ಶಿಕ್ಷಕರಿಗೆ

ಮಿತಿಯ ಇದೇ ವಿಧಾನದಿಂದ ಲಾಗರಿದಮ್ ಬದಲಾಗುವ ದರವನ್ನೂ ಕಂಡುಹಿಡಿಯಬಹುದು. ಲಾಗರಿದಮ್ ಕೋಷ್ಟಕವನ್ನು ಸ್ಕಾಟ್ಲೆಂಡಿನ ನೇಪಿಯರ್ 1614ರಲ್ಲಿ ಪ್ರಕಟಿಸಿದ. ಗುಣಾಕಾರವನ್ನು ಸಂಕಲನವಾಗಿ ಬದಲಿಸುವ ಈ ಯೋಚನೆಯ ಒಂದು ರೂಪ ನಮ್ಮಲ್ಲಿ ಮೊದಲೇ ಇತ್ತು. 9ನೇ ಶತಮಾನದ ಆರಂಭದಲ್ಲಿ ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಅರ್ಧಚ್ಛೇದವನ್ನು ವಿವರಿಸಿದ್ದಾರೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದೇ ಅದರ ಅರ್ಧಚ್ಛೇದ. 8ಕ್ಕೆ 3, 4ಕ್ಕೆ 2, ಅವುಗಳ ಗುಣಲಬ್ಧ 32ಕ್ಕೆ 5. ಈ ಗ್ರಂಥದ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಉಳಿದುಬಂದವು.

ಮೊದಲು ಸಂಖ್ಯೆಗಳಲ್ಲಿ ನೋಡೋಣ. 2ರ ಸಹಜ ಲಾಗರಿದಮ್ 0.693147. 2.1ರದು 0.741937. ವ್ಯತ್ಯಾಸವನ್ನು 0.1ರಿಂದ ಭಾಗಿಸಿದರೆ 0.4879. 2.01ಕ್ಕೆ ಹಾಗೆಯೇ ಮಾಡಿದರೆ 0.4988. 2.001ಕ್ಕೆ 0.4999. ಅದು ಅರ್ಧದ ಕಡೆಗೆ ಹೋಗುತ್ತಿದೆ.

ಈಗ ಸಾಧನೆ. ಸಂಖ್ಯೆ ಅ, ಸಣ್ಣ ಹೆಚ್ಚಳ ಚ ಎಂದಿರಲಿ.

1. ಲಾಗ್ (ಅ + ಚ) − ಲಾಗ್ ಅ = ಲಾಗ್ (1 + ಚ/ಅ). ಲಾಗರಿದಮ್‌ಗಳ ವ್ಯತ್ಯಾಸವೆಂದರೆ ಭಾಗಲಬ್ಧದ ಲಾಗರಿದಮ್.

2. ಚ/ಅ ಎಂಬುದನ್ನು ಕ ಎಂದು ಕರೆಯೋಣ. ಆಗ ಚ = ಅ × ಕ. ವ್ಯತ್ಯಾಸವನ್ನು ಚದಿಂದ ಭಾಗಿಸಿದರೆ (1/ಅ) × (1/ಕ) × ಲಾಗ್ (1 + ಕ).

3. 1/ಕ ಎಂಬ ಗುಣಕವನ್ನು ಘಾತವಾಗಿ ಒಳಗೆ ಒಯ್ಯಬಹುದು. ಅಂದರೆ (1 + ಕ)ಯನ್ನು 1/ಕ ಘಾತಕ್ಕೆ ಏರಿಸಿ, ಅದರ ಲಾಗರಿದಮ್ ತೆಗೆದು, 1/ಅ ಯಿಂದ ಗುಣಿಸಿದಂತೆ.

4. ಚ ಸೊನ್ನೆಯ ಕಡೆಗೆ ಹೋದಂತೆ ಕ ಕೂಡ ಸೊನ್ನೆಯ ಕಡೆಗೆ ಹೋಗುತ್ತದೆ. ಆಗ ಆ ಘಾತಸಂಖ್ಯೆ ಎಲ್ಲಿಗೆ ಬರುತ್ತದೆ? ಕ = 0.1 ಆದಾಗ 2.5937, 0.01 ಆದಾಗ 2.7048, 0.001 ಆದಾಗ 2.7169. ಅದರ ಮಿತಿ 2.71828... ಎಂಬ ಸಂಖ್ಯೆ. ಸಹಜ ಲಾಗರಿದಮ್‌ನ ಆಧಾರ ಸಂಖ್ಯೆಯೇ ಅದು. ಆಧಾರ ಸಂಖ್ಯೆಯ ಲಾಗರಿದಮ್ ಯಾವಾಗಲೂ 1. ಲಾಗರಿದಮ್ ರೇಖೆ ಎಲ್ಲೂ ಕಡಿಯದೆ ಸಾಗುವುದರಿಂದ, ಒಳಗಿನ ಸಂಖ್ಯೆ ಮಿತಿಯನ್ನು ಸೇರಿದಂತೆ ಅದರ ಲಾಗರಿದಮ್ ಕೂಡ 1ನ್ನು ಸೇರುತ್ತದೆ.

5. ಆದ್ದರಿಂದ ದರ = 1/ಅ. 2ರಲ್ಲಿ ಅರ್ಧ, 10ರಲ್ಲಿ ಹತ್ತನೇ ಒಂದು, 100ರಲ್ಲಿ ನೂರನೇ ಒಂದು.

ಭಾಸ್ಕರಾಚಾರ್ಯರಿಗೆ ಲಾಗರಿದಮ್ ಗೊತ್ತಿರಲಿಲ್ಲ. ಆದರೆ ಹೆಜ್ಜೆ ಚಿಕ್ಕದು ಮಾಡುತ್ತಾ ಆ ಹೊತ್ತಿನ ದರವನ್ನು ಹುಡುಕುವ ದಾರಿಯಲ್ಲಿ ಅವರೂ ನಡೆದಿದ್ದರು. ತರಗತಿಯಲ್ಲಿ ಸೂತ್ರ ಬರೆಯುವ ಮೊದಲು ಮಕ್ಕಳಿಂದ ಇಂಥ ನಾಲ್ಕು ಭಾಗಾಕಾರ ಮಾಡಿಸಿ. ಸಂಖ್ಯೆಗಳು ನೆಲೆಗೊಳ್ಳುವುದನ್ನು ಅವರೇ ಕಾಣಲಿ.